ಅರದಾಳದ ತಾಟು

ಮೊನ್ನೆ ಮಗಳ ಶಾಲೆಯ ಗ್ಯಾದರಿಂಗಿನಲ್ಲಿ, ನಾಟಕದ ಮಕ್ಕಳ ಮುಖಕ್ಕೆ ಹಚ್ಚುತ್ತಿದ್ದ ಬಣ್ಣದ ವಾಸನೆ ಮೂಗಿಗೆ ಬಡಿಯುತ್ತಲೇ ಆ ಹಳೆಯ ಸಿಟ್ಟು ನೆತ್ತಿಗೇರಿತು.

ಲಕ್ಷ್ಮೇಶ್ವರದ ನಮ್ಮ ಶಾಲೆಯ ನಾಟಕಕ್ಕೆ, ಹುಡುಗಿಯರೆಲ್ಲರ ಮುಖಕ್ಕೆ ಬಳಿಯಲೆಂದು ಒಂದೇ ತಾಟಿನಲ್ಲಿ ಅರದಾಳದ ಹಳದಿ ಪುಡಿಯನ್ನು ಕೊಬ್ಬರಿ ಎಣ್ಣೆ ಹಾಕಿ ಕಲಸಿದ್ದರು. ರಾಣಿಯ ಪಾತ್ರದಲ್ಲಿದ್ದ ಗೆಳತಿ ಶಾಂತವ್ವನ ಕೆನ್ನೆಯ ಮೇಲೆ ತೊನ್ನಿತ್ತು. ಅವಳು ಬೆರಳು ಅದ್ದುತ್ತಲೇ ಕನ್ನಡ ಕಲಿಸುವ ಅಕ್ಕೋರು ಕೈ ಹಿಡಿದು ಜಗ್ಗಿದರು.

“ನೀ ಮುಟ್ಟಿದ್ದನ್ನ ಉಳದಾವ್ರು ಹ್ಯಾಂಗ ಹಚ್ಕೋಬೇಕು? ನೀ ಪರದಿ ಎಳಿ, ಸಾಕು!”

ಅವಳ ಕಿರೀಟ ಕಿತ್ತು ನನ್ನ ತಲೆಗಿಟ್ಟರು.

ಬಿಸಿಯೂಟದ ಅಡುಗೆಯ ನೀಲವ್ವ ಸೌಟು ಬಿಸಾಕಿ ಬಂದು, ಅದೇ ತಾಟಿನಲ್ಲಿ ಅಂಗೈ ಅದ್ದಿ ತನ್ನ ಮುಖಕ್ಕೆ ಬಳಿದುಕೊಂಡಳು.

“ನೋಡ್ರಿ ಅಕ್ಕೋರ, ನನಗೇನಾತು?”

ಗೆಳತಿಯರು ಒಬ್ಬೊಬ್ಬರಾಗಿ ಬಂದು ಬೆರಳು ಅದ್ದಿದರು. ಶಾಂತವ್ವ ನನ್ನತ್ತ ನೋಡಿದಳು.

ನಾನು ಎರಡೂ ಕೈಯಿಂದ ಕಿರೀಟವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದೆ.