ಕಮಾನಿನ ಗಾಜು

ಗಾಜು ಮತ್ತೆ ಒಡೆದಿತ್ತು. ಇದು ನಾಲ್ಕನೆಯ ಸಲ.

ಮೂರ್ತಪ್ಪ ಏಣಿಯ ಮೇಲೆ ನಿಂತು ಸುತ್ತ ನೋಡಿದ. ಭದ್ರಾವತಿಯ ಹಳೆಪೇಟೆಯ ಕಲ್ಲುಕಮಾನಿಗೆ ಅವನೇ ಕಾವಲುಗಾರ. ಕಮಾನಿನ ನೆತ್ತಿಯಲ್ಲಿ ಅರಳಿ ಸಸಿ, ಮೈತುಂಬ ಹರಿದ ಪೋಸ್ಟರು, ನಡುವೆ ಮೇಲಿಂದ ಕೆಳಗೆ ಒಂದು ಬಿರುಕು. ಬಿರುಕಿಗೆ ಅಡ್ಡವಾಗಿ, ಎರಡೂ ತುದಿಗೆ ಸಿಮೆಂಟು ಮೆತ್ತಿ ಕೂರಿಸಿದ್ದ ಗೇಣುದ್ದದ ಗಾಜಿನ ಪಟ್ಟಿ. ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ತಾರೀಖು.

ಅದನ್ನು ಕೂರಿಸಿದಾಗ ಕಾವಲಿಗಿದ್ದವನು ಭೈರಪ್ಪ. ಆಮೇಲೆ ಯಾರೋ ಕಮಾನಿನ ನಾಮಫಲಕ ಒಡೆದರು, ಭೈರಪ್ಪನ ಕೆಲಸ ಹೋಯಿತು. ಮೂರ್ತಪ್ಪನಿಗೆ ಕೊಟ್ಟ ಚಾರ್ಜ್ ಪಟ್ಟಿಯಲ್ಲಿ ಇದ್ದದ್ದು ಇಷ್ಟೇ: ಬೀಗ ಒಂದು, ಏಣಿ ಒಂದು, ಗಾಜು ಒಂದು, ಎಲ್ಲವೂ ಸುಸ್ಥಿತಿಯಲ್ಲಿ. ಕೆಳಗೆ ಅವನ ರುಜು.

ರುಜು ಹಾಕಿದ ಮೇಲೆ ಮುಗಿಯಿತು, ಏನು ಒಡೆದರೂ ಹೊಣೆ ಅವನದೇ. ಮೂರು ಸಲವೂ ಅದೇ ಅಳತೆಯ ಗಾಜು ಕೊಯ್ಯಿಸಿ ತಂದು, ಅದೇ ತಾರೀಖು ಬರೆದು, ಯಾರಿಗೂ ತಿಳಿಯದಂತೆ ಕೂರಿಸಿದ್ದ.

ಅವನ ಗುಮಾನಿ ದುಶ್ಯಂತನ ಮೇಲೆ. ಕಮಾನಿನಾಚೆ ದುಶ್ಯಂತನ ಗೋದಾಮು. ಮಾಚೇನಹಳ್ಳಿಯಿಂದ ಬರುವ ಲಾರಿಗಳು ಕಮಾನು ದಾಟಲಾರವು. ಸರಕನ್ನು ಹೊರಗೇ ಇಳಿಸಿ ಹೊರಬೇಕು. ಮೂರ್ತಪ್ಪ ವಾರವಿಡೀ ಅವನ ಮೇಲೆ ಕಣ್ಣಿಟ್ಟಿದ್ದ. ಕೆಳಗೆ ಒಂದು ಕಲ್ಲೂ ಬಿದ್ದಿರಲಿಲ್ಲ. ಗಾಜಿನ ಮೇಲೆ ಏಟಿನ ಗುರುತಿಲ್ಲ. ನಟ್ಟನಡುವೆ ನೇರವಾದ ಸೀಳು. ಪಳಗಿದ ಕೈಯೇ ಇರಬೇಕು ಅಂದುಕೊಂಡ.

ಕೊನೆಗೆ ಕೇಳಿಯೂಬಿಟ್ಟಿದ್ದ.

“ನಾನ್ಯಾಕೆ ಒಡೀಲಿ ಮಾರಾಯ?” ದುಶ್ಯಂತ ಕಮಾನಿನತ್ತ ಕೈ ತೋರಿ ನಕ್ಕಿದ್ದ. “ನಿನ್ನ ಮುದುಕಿ ತಾನೇ ಒಡ್ಕೊಂಡಿರ್ತಾಳೆ. ವಯಸ್ಸಾಯ್ತಲ್ಲ, ಸಿಟ್ಟು ಜಾಸ್ತಿ.”

ಇವತ್ತು ಶಿವಮೊಗ್ಗದಿಂದ ಇಂಜಿನಿಯರ್ ವಿಜಯೇಂದ್ರ ಬರುವವರಿದ್ದರು. ಅವರು ಒಪ್ಪಿದರೆ ಕೆಳಗೆ ಯಾರೂ ಕೂರದಂತೆ ಎಂಟು ತಿಂಗಳಿಂದ ಕಮಾನಿಗೆ ಕಟ್ಟಿದ್ದ ಹಗ್ಗ ಬಿಚ್ಚಬಹುದಿತ್ತು. ಮೂರ್ತಪ್ಪನ ಹೆಂಡತಿ ಲಿಂಗಮ್ಮ ಹೂ ಮಾರುತ್ತಿದ್ದುದು ಕಮಾನಿನ ನೆರಳಲ್ಲೇ. ಈಗ ಬಿಸಿಲಲ್ಲಿ ಕೂರುತ್ತಾಳೆ. ಮಧ್ಯಾಹ್ನಕ್ಕೇ ಮಲ್ಲಿಗೆಯೂ ಬಾಡುತ್ತದೆ, ಅವಳೂ ಬಾಡುತ್ತಾಳೆ. ಇಂಥ ಹೊತ್ತಿನಲ್ಲಿ ಒಡೆದ ಗಾಜು ಸಾಹೇಬರ ಕಣ್ಣಿಗೆ ಬಿದ್ದರೆ ತಾನೂ ಭೈರಪ್ಪನ ದಾರಿ ಹಿಡಿಯಬೇಕು.

ಮೂರ್ತಪ್ಪ ನಾಲ್ಕನೆಯ ಗಾಜನ್ನು ಕೂರಿಸಿದ. ಹಸಿ ಸಿಮೆಂಟಿಗೆ ಬೀದಿಯ ಧೂಳು ಸವರಿದ. ಹಳೆಯ ತಾರೀಖನ್ನೇ ತಪ್ಪಿಲ್ಲದೆ ಬರೆದ.

ಮೂರು ಗಂಟೆಗೆ ಜೀಪು ಬಂತು. ವಿಜಯೇಂದ್ರ ಏಣಿ ಹತ್ತಲಿಲ್ಲ. ಕೆಳಗಿನಿಂದಲೇ ಫೋಟೊ ತೆಗೆದು, ಹಿಗ್ಗಿಸಿ, ತಾರೀಖು ಓದಿ ತಲೆದೂಗಿದರು. ಹಗ್ಗ ಬಿಚ್ಚಲು ಹೇಳಿದರು.

ಲಿಂಗಮ್ಮ ಬುಟ್ಟಿ ಹೊತ್ತು ಓಡೋಡಿ ಬಂದಳು. ತನ್ನ ಹಳೆಯ ಜಾಗವನ್ನು ಸೆರಗಿನಿಂದ ಝಾಡಿಸಿ ಕೂತಳು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡಿದಳು.

“ಯಾರ್ರೀ ಮೇಲೆ ಹತ್ತಿರೋದು? ಹೂವಿನ ಮೇಲೆಲ್ಲ ಗಾರೆ ಉದುರ್ತಿದೆ.”

“ಯಾರೂ ಇಲ್ಲ ಕಣೇ. ಸುಮ್ನೆ ಕೂತ್ಕೊ, ನೆರಳು ಸಿಕ್ತಲ್ಲ.”

ಮೂರ್ತಪ್ಪನ ಎಂಟು ತಿಂಗಳ ಭಾರ ಇಳಿದಿತ್ತು. ಜೀಪು ಹತ್ತುತ್ತಿದ್ದ ಸಾಹೇಬರ ಬಳಿ ಹೋಗಿ, ಮೊದಲ ಸಲ ಧೈರ್ಯ ಮಾಡಿ, ಆ ಗಾಜು ಅಲ್ಲಿ ಏತಕ್ಕೆಂದು ಕೇಳಿದ.

“ಗೋಡೆ ಕೂದಲೆಳೆಯಷ್ಟು ಜರುಗಿದ್ರೂ ಒಡೀಲಿ ಅಂತ, ಮೂರ್ತಪ್ಪನವರೇ,” ಎಂದು ವಿಜಯೇಂದ್ರ ಬಾಗಿಲು ಎಳೆದುಕೊಂಡರು. “ಒಂದೇ ಒಂದು ಸಲ ಒಡೆದಿದ್ರೂ ನಾನು ಇದರ ಕೆಳಗೆ ನಾಯೀನೂ ಮಲಗೋಕೆ ಬಿಡ್ತಿರಲಿಲ್ಲ.”