ಭಾಗೀರಥಿಯ ವಿಳಾಸದಲ್ಲಿ ಭಾವನವರು

ಸಕಲ ನಾಮಗಳಿಗೂ ನೆಲೆಯಾದ ಶ್ರೀಹರಿಯು ಈ ಕಥೆಗೂ ನೆಲೆಯಾಗಲಿ.

ಸತ್ತವರು ಜಾಲತಾಣಗಳಲ್ಲಿ ವಾಸಿಸತೊಡಗಿದ ಮೇಲೆ ಶ್ರೀವಾಣಿಯೂ ತನ್ನ ತಾಯಿ ಭಾಗೀರಥಿಗೊಂದು ತಾಣ ಕಟ್ಟಿಕೊಟ್ಟು, ದಿನವೂ ಸಂಜೆ ದೀಪ ಹಚ್ಚಿ ಅವಳೊಡನೆ ಮಾತಾಡುತ್ತಿದ್ದಳು. ಒಂದು ಸಂಜೆ ಆ ತೆರೆಯ ಮೇಲೆ ತೀರಿಕೊಂಡಿದ್ದ ದೊಡ್ಡಪ್ಪ ಅನಂತಶಯನರು ಕಾಣಿಸಿಕೊಂಡರು. ಅವರ ಮಕ್ಕಳೇ ಅವರ ತಾಣವನ್ನು ಮುಚ್ಚಿದ್ದರು. ಬೆಳಗಾಗುವುದರೊಳಗೆ ಬೇರೆ ನೆಲೆ ಸಿಗದಿದ್ದರೆ ಅವರು ಅಳಿಸಿಹೋಗುತ್ತಿದ್ದರು. ವಿಧವೆಯಾದ ಭಾಗೀರಥಿಯನ್ನು ಹೊರಹಾಕಿ, "ಈ ಮನೆಯಲ್ಲಿ ಅವಳ ಹೆಸರೆತ್ತಕೂಡದು" ಎಂದು ಕಟ್ಟಪ್ಪಣೆ ಮಾಡಿದವರು ಅವರೇ.

ದೊಡ್ಡಪ್ಪನಿಗೂ ಜಾಗವಾಗುವಂತೆ, ತಾಯಿಯ ಒಂದೇ ತಾಣವನ್ನು ಹಲವು ತಾಣಗಳ ಜಾಲವಾಗಿ ಮಾರ್ಪಡಿಸಲು ಶ್ರೀವಾಣಿ ಕುಳಿತಳು.

"ನನ್ನ ಹೆಸರು ಹೇಗೆ ಬರುತ್ತಮ್ಮ?" ಎಂದರು ದೊಡ್ಡಪ್ಪ.

"ಎರಡು ಥರ ಇದೆ. ಸಬ್‌ಡೊಮೇನ್ ಆದರೆ ನಿಮ್ಮ ಹೆಸರು ಮುಂದೆ, ಅಮ್ಮನದು ಹಿಂದೆ. ಸಬ್‌ಡೈರೆಕ್ಟರಿ ಆದರೆ ಮೊದಲು ಅಮ್ಮನ ಹೆಸರು, ಒಂದು ಓರೆಗೆರೆ, ಆಮೇಲೆ ನಿಮ್ಮದು."

"ಹಿರಿಯ ನಾನಲ್ವೇ? ಮೊದಲನೇದೇ ಇರಲಿ."

"ಎರಡನೇದನ್ನ ಒತ್ತಿಬಿಟ್ಟೆ ದೊಡ್ಡಪ್ಪ. ಇನ್ನು ಬದಲಾಯಿಸೋಕಾಗಲ್ಲ."

ಅಭಿವಾದನದಲ್ಲಿ ವಂಶದ ಹಿರಿಯರ ಹೆಸರುಗಳ ಪ್ರವರ ಹೇಳುವಂತೆ, ಹೊಸ ನೆಲೆಗೆ ಹೋಗುವವರು ತಮ್ಮ ವಿಳಾಸವನ್ನು ಪೂರ್ತಿಯಾಗಿ ಉಚ್ಚರಿಸಿಯೇ ಒಳಗೆ ಕಾಲಿಡಬೇಕು. ಅನಂತಶಯನರು ತಲೆ ತಗ್ಗಿಸಿ ನುಡಿದರು: "ಭಾಗೀರಥಿ, ಓರೆಗೆರೆ, ಅನಂತಶಯನ."

ಒಳಗಿನಿಂದ ಭಾಗೀರಥಿಯ ದನಿ ತಣ್ಣಗೆ ಬಂತು: "ಇನ್ನೊಂದ್ಸಲ ಹೇಳಿ ಭಾವ. ಮನೆಯವರಿಗೆಲ್ಲ ಕೇಳಿಸಲಿ."

ಈ ಕಥೆಯನ್ನು ಕೇಳಿದವರೆಲ್ಲರ ಹೆಸರೂ ಅವರವರ ಮನೆಗಳಲ್ಲಿ ಆದರದಿಂದ ಉಳಿಯಲಿ, ಸರ್ವರಿಗೂ ಮಂಗಳವಾಗಲಿ.