ಪರದೆಯ ಹಿಂದಿನ ಸ್ವಿಚ್ಚು

ಶಾಸಕರು ಬಟನ್ ಒತ್ತಿದರು. ಸೋಲಾರ್ ಬೀದಿದೀಪಗಳು ಹತ್ತಲಿಲ್ಲ. ಮತ್ತೆ ಒತ್ತಿದರು, ಜನ ನಕ್ಕರು.

ವೇದಿಕೆಯ ಬಟನ್ ಬರೀ ತೋರಿಕೆಗೆ. ನಿಜವಾದ ಸ್ವಿಚ್ಚು ಯಾವಾಗಲೂ ಪರದೆಯ ಹಿಂದೆ. ಅದರ ಮೇಲಿದ್ದ ಎಲೆಕ್ಟ್ರಿಷಿಯನ್ ಹೆಂಗಸಿನ ಕೈ ಇವತ್ತು ಅಲುಗಲಿಲ್ಲ.

"ಒತ್ತಮ್ಮಾ, ಮಾನ ಹೋಗ್ತಿದೆ!" ಶಾಸಕರು ಪರದೆಯತ್ತ ಬಗ್ಗಿ ಪಿಸುಗುಟ್ಟಿದರು.

"ಹೋದ ವರ್ಷ ಹೆರಿಗೆ ಆಸ್ಪತ್ರೆ ಸೋಲಾರನ್ನೂ ನೀವೇ ಉದ್ಘಾಟನೆ ಮಾಡಿದ್ರಿ. ಮಾರನೇ ದಿನ ಬ್ಯಾಟರಿ ಮಾಯ. ನನ್ನ ತಂಗಿ ಟಾರ್ಚ್ ಬೆಳಕಲ್ಲಿ ಹೆತ್ತಳು. ಎಲ್ಲಿದೆ ಸಾರ್ ಅದು?"

"ಆಸ್ಪತ್ರೆ ಬ್ಯಾಟರಿ ನನ್ನ ಬಾಮೈದನ ಬಂಗ್ಲೇಲಿದೆ ಕಣಮ್ಮಾ! ನಾಳೆ ತರಿಸ್ತೀನಿ, ಈಗ ಒತ್ತು!"

ಶರ್ಟಿಗೆ ಸಿಕ್ಕಿಸಿದ್ದ ಮೈಕನ್ನು ಅವರು ಮರೆತೇಬಿಟ್ಟಿದ್ದರು. ಪಿಸುಮಾತು ಬೀದಿಯ ಕೊನೆಯವರೆಗೂ ಮೊಳಗಿತು.

ಆಕೆ ಸ್ವಿಚ್ಚು ಒತ್ತಿದಳು. ಬೀದಿಯುದ್ದಕ್ಕೂ ದೀಪಗಳು ಹತ್ತಿದವು. ಆ ಬೆಳಕಿನಲ್ಲಿ ಜನ ಕೇಕೆ ಹಾಕುತ್ತಾ ಬಾಮೈದನ ಬಂಗಲೆಯ ಕಡೆಗೆ ಹೊರಟರು. ಎಲ್ಲರಿಗಿಂತ ಮುಂದೆ, ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಆಕೆಯ ತಂಗಿ.